ಅಮ್ಮ ಬರೆಯೋ 7 ಮೆಷಿನ್‌ಗೆ ಅರ್ಥ ಆಗ್ತಿಲ್ಲ – ಡಿಎಸ್‌ನಲ್ಲಿ ಸುಡೊಕು ಆಡೋರು ಯಾರಾದ್ರೂ ಇದ್ದೀರಾ?

ಮಳೆಪುಸ್ತಕ (ನಾಪೋಕ್ಲು ಕಡೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೆಣಸಿನ ರೇಟು, ಆನೆ ಕಾಟ ಬಿಟ್ಟು ಬೇರೆ ಮಾತು ಕಡಿಮೆ ಅಂತ ಗೊತ್ತು. ಆದರೂ ಕೇಳುತ್ತಿದ್ದೇನೆ.

ನಮ್ಮ ಅಮ್ಮನಿಗೆ 71. ರಿಟೈರ್ಡ್ ಟೀಚರ್. ಬೆಳಿಗ್ಗೆ ಕಾಫಿ ಜೊತೆ ಪೇಪರಿನ ಸುಡೊಕು ಬಿಡಿಸದಿದ್ದರೆ ಆ ದಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಇಲ್ಲ. ಮಳೆಗಾಲದಲ್ಲಿ ಪೇಪರ್ ನಮ್ಮ ಗೇಟಿಗೆ ಬರುವಾಗ ಮಧ್ಯಾಹ್ನ ಆಗಿರುತ್ತದೆ, ಅದೂ ಒದ್ದೆ. ಒಲೆ ಹತ್ತಿರ ಹಿಡಿದು ಒಣಗಿಸಿ ಪೆನ್ಸಿಲ್ ಇಟ್ಟರೆ ಪರ್ರ್ ಅಂತ ಹರಿಯುತ್ತದೆ. ಕಕ್ಕಡ ತಿಂಗಳು ಮುಗಿಯೋವರೆಗೂ ಇದೇ ಕತೆ.

ಅಮೆರಿಕದಲ್ಲಿರುವ ಅಕ್ಕನ ಮಗ ಹೋದ ಸಲ ಬಂದಾಗ ತನ್ನ ಹಳೆಯ ನಿಂಟೆಂಡೊ ಡಿಎಸ್ ಲೈಟ್ (ಕೈಯಲ್ಲಿ ಹಿಡಿದು ಆಡೋ, ಎರಡು ಪರದೆಯ ಗೇಮ್ ಮೆಷಿನ್) ಬಿಟ್ಟು ಹೋಗಿದ್ದಾನೆ. ಅದರೊಳಗೆ ಬ್ರೇನ್ ಏಜ್ ಅನ್ನೋ, ಮೆದುಳಿನ ವಯಸ್ಸು ಲೆಕ್ಕ ಹಾಕಿ ಹೇಳೋ ಆಟದ ಕಾರ್ಟ್ರಿಡ್ಜ್ ಇದೆ, ಅದರಲ್ಲಿ ಸುಡೊಕು ಇದೆ. ಪುಸ್ತಕ ಹಿಡಿದ ಹಾಗೆ ಅಡ್ಡ ಹಿಡಿದು ಕಡ್ಡಿಯಲ್ಲಿ (ಸ್ಟೈಲಸ್) ಪರದೆ ಮೇಲೆ ಅಂಕಿ ಬರೆಯೋದು. ಅಮ್ಮನಿಗೆ ಖುಷಿಯೋ ಖುಷಿ. ಅದರಲ್ಲಿ ಬರುವ ಡಾಕ್ಟರಿಗೆ ಬರೀ ತಲೆ ಮಾತ್ರ, ಮೈ ಇಲ್ಲ. ಅದನ್ನು ನೋಡಿ ಎರಡು ದಿನ ನಕ್ಕರು.

ಮೂರನೇ ದಿನದಿಂದ ಜಗಳ ಶುರು. ಅಮ್ಮ 7 ಬರೆದರೆ ಅದು ಇನ್ನೇನೋ ತೋರಿಸುತ್ತದೆ. ಒಮ್ಮೊಮ್ಮೆ ಗೆರೆ ಅರ್ಧ ದಾರಿಯಲ್ಲಿ ಎಲ್ಲಿಗೋ ಹಾರುತ್ತದೆ. ನಾನು ಬರೆದರೆ ಸರಿಯಾಗಿಯೇ ತಗೊಳ್ಳುತ್ತೆ. ಇದನ್ನು ಅಮ್ಮನ ಮುಂದೆ ಹೇಳಿದ್ದು ನನ್ನ ತಪ್ಪು, ನಲವತ್ತು ವರ್ಷ ಮಕ್ಕಳ ಕೈಬರಹ ತಿದ್ದಿದವರಿಗೆ ಹೀಗೆ ಹೇಳಬಾರದಿತ್ತು. ಅಮ್ಮ ಎಡಗೈಯಲ್ಲಿ ಬರೆಯುತ್ತಾರೆ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಇನ್ನೊಂದು. ನಿನ್ನೆ ಒಂದು ಲೆಕ್ಕ ಬಿಡಿಸುತ್ತಾ "ಇದೇ ತಪ್ಪು ಇದೆ, ಎಲ್ಲೂ ಮುಂದಕ್ಕೆ ಹೋಗಲ್ಲ" ಅಂತ ಮುಚ್ಚಿಟ್ಟರು. ಮೆಷಿನ್ ಕೊಡುವ ಲೆಕ್ಕ ತಪ್ಪಿರಬಹುದಾ?

ಮೂರನೇದು, ಚಾರ್ಜರ್. ಪ್ಲಗ್ಗಿಗೆ ಹಾಕಿದ ಮೊದಲ ದಿನವೇ ಡಪ್ ಅಂತ ಸದ್ದು, ಸುಟ್ಟ ವಾಸನೆ. ಸದ್ಯ ಬ್ಯಾಟರಿಯಲ್ಲಿ ಉಳಿದ ಚಾರ್ಜಿನಲ್ಲೇ ನಡೀತಿದೆ. ದೀಪ ಇನ್ನೂ ಹಸಿರೇ ಇದೆ. ಇದಕ್ಕೆ ದುಡ್ಡು ಹಾಕೋದಾ, ಸುಮ್ನೆ ಒಂದು ಟ್ಯಾಬ್ ಕೊಡಿಸೋದಾ?

ಗೋಣಿಕೊಪ್ಪದವ

ಟ್ಯಾಬ್ ಕೊಡಿಸಿ ಮಾರಾಯ್ರೆ. ಇಪ್ಪತ್ತು ವರ್ಷದ ಹಳೇ ಡಬ್ಬ ಇಟ್ಕೊಂಡು ಯಾಕೆ ಒದ್ದಾಟ? ಸುಡೊಕು ಆ್ಯಪ್ ಫ್ರೀ ಸಿಗುತ್ತೆ. ಅಂಕಿ ಬರೆಯೋ ಕೆಲಸವೇ ಇಲ್ಲ, ಕೆಳಗೆ 1ರಿಂದ 9 ಇರುತ್ತೆ, ಒತ್ತಿದರೆ ಆಯ್ತು. ನಮ್ಮ ಮಾವ ದಿನಾ ಆಡ್ತಾರೆ.

ಮಳೆಪುಸ್ತಕ

ಆಡಿಸಿ ನೋಡಿದ್ದೇವೆ. ಎರಡು ಲೆಕ್ಕಕ್ಕೊಂದು ಜಾಹೀರಾತು. ಅದನ್ನು ಮುಚ್ಚೋ ಗುರುತು ಸಾಸಿವೆ ಕಾಳಿನಷ್ಟಿರುತ್ತದೆ, ಅಮ್ಮ ಒತ್ತಿದ್ದು ಪಕ್ಕಕ್ಕೆ ಬಿದ್ದು ಇನ್ನೇನೋ ಡೌನ್‌ಲೋಡ್ ಆಗಿ ಫೋನ್ ನನ್ನ ಕೈಗೆ ಬರುತ್ತದೆ. ಮತ್ತೆ ಅಮ್ಮನ ಬೆರಳ ತುದಿ ಮೆಣಸು ಬಿಡಿಸಿ ಬಿಡಿಸಿ ಗಟ್ಟಿಯಾಗಿದೆ, ಫೋನಿನ ಗಾಜು ಆ ಬೆರಳನ್ನು ನಾಲ್ಕು ಸಲಕ್ಕೆ ಒಂದು ಸಲ ಗುರುತಿಸುತ್ತದೆ. ಡಿಎಸ್‌ನಲ್ಲಿ ಆ ಗೋಳು ಇಲ್ಲ, ಕಡ್ಡಿ ಒತ್ತಿದರೆ ಸಾಕು. ನೆಟ್‌ವರ್ಕ್ ಬಗ್ಗೆ ನಾನು ಹೇಳೋದೇ ಬೇಡ, ಈ ಪೋಸ್ಟನ್ನು ಕಣದ ಮೂಲೆಯಲ್ಲಿ ಕೊಡೆ ಹಿಡಿದು ನಿಂತು ಹಾಕುತ್ತಿದ್ದೇನೆ.

ಕಡ್ಡಿ_ಕಳ್ಕೊಂಡವ (ಕುಶಾಲನಗರ)

ನನ್ನ ಹತ್ತಿರ ಎರಡು ಡಿಎಸ್ ಲೈಟ್ ಇವೆ, ಎರಡನ್ನೂ ಬಿಚ್ಚಿ ಜೋಡಿಸಿದ್ದೇನೆ. ಒಂದೊಂದೇ ಹೇಳುತ್ತೇನೆ.

ಮೊದಲು ಎಡಗೈ ವಿಷಯ. ಹೌದು, ಅದೇ ಮುಖ್ಯ ಕಾರಣ ಅನ್ನಿಸುತ್ತದೆ. ಬ್ರೇನ್ ಏಜ್‌ನಲ್ಲಿ ಹೊಸ ಹೆಸರು ಸೇರಿಸುವಾಗ ಯಾವ ಕೈಯಲ್ಲಿ ಬರೆಯುತ್ತೀರಿ ಅಂತ ಕೇಳುತ್ತದೆ. ನಿಮ್ಮ ಅಮ್ಮ ಮೊಮ್ಮಗನ ಹೆಸರಿನಲ್ಲೇ ಆಡುತ್ತಿರಬೇಕು, ಅವನು ಬಲಗೈ ಅಂತ ಕೊಟ್ಟಿರುತ್ತಾನೆ, ಅಲ್ವಾ? ಹಾಗಿದ್ದರೆ ಬರೆಯುವ ಪರದೆ ಬಲಗಡೆ ಬರುತ್ತದೆ. ಎಡಗೈಯವರು ಇನ್ನೊಂದು ಪರದೆಯನ್ನೂ ನಡುವಿನ ಕೀಲನ್ನೂ ದಾಟಿ ಕೈ ಚಾಚಿ ಬರೆಯಬೇಕಾಗುತ್ತದೆ. ಕೈ ಸುಸ್ತಾಗಿ ಎಲ್ಲಾದರೂ ಊರಲೇಬೇಕು. ಊರೋದು ಎಲ್ಲಿ? ಅದೇ ಪರದೆಯ ಮೇಲೆ.

ಇಲ್ಲೇ ಇರೋದು ಮಜಾ. ಡಿಎಸ್‌ನ ಪರದೆ ಒತ್ತಡದಿಂದ ಕೆಲಸ ಮಾಡುವಂಥದ್ದು. ಮೇಲೊಂದು ತೆಳು ಹಾಳೆ, ಕೆಳಗೊಂದು, ಒತ್ತಿದ ಕಡೆ ಎರಡೂ ತಾಗುತ್ತವೆ, ಅದರಿಂದ ಜಾಗ ಗೊತ್ತಾಗುತ್ತದೆ. ಅದಕ್ಕೇ ಗಟ್ಟಿ ಬೆರಳು, ಉಗುರು, ಕಡ್ಡಿ ಯಾವುದಾದರೂ ನಡೆಯುತ್ತದೆ. ಆದರೆ ಒಂದು ಸಲಕ್ಕೆ ಅದಕ್ಕೆ ಒಂದೇ ಚುಕ್ಕೆ ಅರ್ಥ ಆಗೋದು. ಕಡ್ಡಿ ಒಂದು ಕಡೆ, ಅಂಗೈ ಅಂಚು ಇನ್ನೊಂದು ಕಡೆ ಒತ್ತಿದರೆ ಅದು ಎರಡರ ಮಧ್ಯೆ ಎಲ್ಲೋ ಒಂದು ಚುಕ್ಕೆ ಅಂದುಕೊಳ್ಳುತ್ತದೆ. ನೀವು ಹೇಳಿದ "ಗೆರೆ ಹಾರೋದು" ಇದೇ.

ಮಾಡಬೇಕಾದ್ದು ಇಷ್ಟೇ: ಅಮ್ಮನಿಗೆ ಅವರದೇ ಹೆಸರು ಮಾಡಿಕೊಡಿ, ಒಂದು ಕಾರ್ಟ್ರಿಡ್ಜಿನಲ್ಲಿ ನಾಲ್ಕು ಜನಕ್ಕೆ ಜಾಗ ಇದೆ. ಎಡಗೈ ಆರಿಸಿ. ಆಮೇಲೆ ಮೆಷಿನ್ನನ್ನು ತಿರುಗಿಸಿ ಹಿಡಿಯಬೇಕು, ಬರೆಯುವ ಪರದೆ ಎಡಗಡೆ ಬರುತ್ತದೆ. ಜೊತೆಗೆ ಡಿಎಸ್‌ನ ಮುಖ್ಯ ಮೆನುವಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಟಚ್ ಸ್ಕ್ರೀನ್ ಸರಿಪಡಿಸೋದು ಅಂತ ಇದೆ, ಅಲ್ಲಿ ತೋರಿಸಿದ ಚುಕ್ಕೆಗಳ ಮೇಲೆ ಸರಿಯಾಗಿ ಕಡ್ಡಿ ಇಡಿ. ನೀವು ಇಡಬೇಡಿ, ಅಮ್ಮನೇ ಇಡಲಿ.

ಮೊದಲು ಒಂದು ಪರೀಕ್ಷೆ ಬರುತ್ತದೆ, ಜೋರಾಗಿ ಮಾತಾಡಬಹುದಾ ಅಂತ ಕೇಳುತ್ತದೆ. ಆಗಲ್ಲ ಅಂತ ಒತ್ತಿ. ಶೀಟ್ ಮನೆಯಲ್ಲಿ ಮಳೆ ಹೊಡೆಯುವಾಗ ಮೈಕ್‌ಗೆ ನಿಮ್ಮ ಮಾತು ಕೇಳಿಸೋದು ಅಷ್ಟರಲ್ಲೇ ಇದೆ. ನಾನು ಜೂನ್‌ನಲ್ಲಿ ಆಡಿ ಮೆದುಳಿನ ವಯಸ್ಸು 80 ಅನ್ನಿಸಿಕೊಂಡಿದ್ದೇನೆ.

ಇನ್ನು 7. ಅಮ್ಮ 7ಕ್ಕೆ ನಡುವೆ ಅಡ್ಡಗೆರೆ ಹಾಕುತ್ತಾರಾ? 

ಚಾರ್ಜರ್ ಸತ್ತಿದ್ದಕ್ಕೆ ಕಾರಣ ನೀವೇ, ಬೇಜಾರು ಮಾಡ್ಕೋಬೇಡಿ. ಅಮೆರಿಕದ ಡಿಎಸ್ ಲೈಟ್ ಚಾರ್ಜರ್ 120 ವೋಲ್ಟಿಗೆ ಮಾಡಿದ್ದು, ನಮ್ಮದು 230. ಫೋನ್ ಚಾರ್ಜರ್ ತರಹ ಎಲ್ಲ ಕಡೆ ನಡೆಯುವಂಥದ್ದಲ್ಲ. ಮೆಷಿನ್ ಇನ್ನೂ ಆನ್ ಆಗುತ್ತಿದೆ ಅಂದರೆ ಬಚಾವ್. ಡಿಎಸ್ ಲೈಟಿಗೆ ಅಂತಲೇ ಯುಎಸ್‌ಬಿ ಕೇಬಲ್ ಸಿಗುತ್ತದೆ, ಡಿಎಸ್‌ಐ ಮತ್ತು 3ಡಿಎಸ್‌ನ ತುದಿ ಬೇರೆ ಆಕಾರ, ನೋಡಿ ತಗೊಳ್ಳಿ. ಪವರ್ ಬ್ಯಾಂಕಿಗೆ ಚುಚ್ಚಿದರೆ ಕರೆಂಟ್ ಮೂರು ದಿನ ಇಲ್ಲದಿದ್ದರೂ ಅಮ್ಮನ ಸುಡೊಕು ನಿಲ್ಲಲ್ಲ. ಬೆಳಕು ನಾಲ್ಕು ಹಂತ ಇದೆ, ಎಲ್ಲಕ್ಕಿಂತ ಕಡಿಮೆ ಇಟ್ಟರೆ ಒಳ್ಳೇ ಬ್ಯಾಟರಿ 15 ಗಂಟೆಗೂ ಜಾಸ್ತಿ ಬರುತ್ತದೆ. ದೀಪ ಕೆಂಪಾದಾಗ ಚಾರ್ಜಿಗೆ ಹಾಕಿ. ಬ್ಯಾಟರಿ ಬದಲಿಸಬೇಕಾದರೆ ಹಿಂದೆ ಒಂದೇ ಸ್ಕ್ರೂ. ಆದರೆ ಪೇಟೆಯಲ್ಲಿ "ಒರಿಜಿನಲ್" ಅಂತ ಕೊಟ್ಟಿದ್ದನ್ನು ನಂಬಿ ನಾನು ತಂದ ಒಂದು ಬ್ಯಾಟರಿ ಎರಡೇ ತಿಂಗಳಲ್ಲಿ ಹಪ್ಪಳದ ಹಾಗೆ ಉಬ್ಬಿತ್ತು. ಉಬ್ಬಿದ್ದು ಕಂಡರೆ ತಕ್ಷಣ ತೆಗೆದುಬಿಡಿ.

ಮಳೆಪುಸ್ತಕ

ಅಯ್ಯೋ 120 ವೋಲ್ಟ್! ಅಕ್ಕನ ಮಗನಿಗೆ ಫೋನ್ ಮಾಡಿದರೆ "ಹೌದಾ ಮಾಮ, ನಂಗೂ ಗೊತ್ತಿರಲಿಲ್ಲ" ಅಂತಾನೆ.

7ರ ವಿಷಯ ನಿಮಗೆ ಹೇಗೆ ಗೊತ್ತಾಯ್ತು? ಹೌದು, ಅಡ್ಡಗೆರೆ ಹಾಕುತ್ತಾರೆ. ಅದಕ್ಕೊಂದು ಕಾರಣವೂ ಇದೆ. ನಮ್ಮ ಮನೆಯ ಮಳೆ ಪುಸ್ತಕ ಬರೆಯೋದು ಅಮ್ಮನೇ. ದಿನಾ ಬೆಳಿಗ್ಗೆ ಅಂಗಳದ ಮಾಪಕದ ನೀರು ಅಳೆದು, ಇಷ್ಟು ಇಂಚು ಇಷ್ಟು ಸೆಂಟ್ ಅಂತ ಬರೆದಿಡುತ್ತಾರೆ. ನಾನು ಹುಟ್ಟುವ ಮುಂಚಿನ ಪುಸ್ತಕಗಳೂ ಅಟ್ಟದಲ್ಲಿವೆ. ಹಿಂದೆ ಒಮ್ಮೆ ಅಜ್ಜ ಅಮ್ಮನ 7ನ್ನು 1 ಅಂತ ಓದಿ, ತಿಂಗಳ ಮೊತ್ತದಲ್ಲಿ ಆರು ಇಂಚು ಮಳೆ ಮಾಯ ಆಗಿತ್ತಂತೆ. ಅವತ್ತಿನಿಂದ 7ಕ್ಕೆ ಸೊಂಟಪಟ್ಟಿ. 1ಕ್ಕೆ ಮೇಲೊಂದು ಕೊಕ್ಕೆ, ಕೆಳಗೊಂದು ಮಣೆ.

ಕಡ್ಡಿ_ಕಳ್ಕೊಂಡವ

ಹಾ, ಅದೇ. ಮೆಷಿನ್ ಅಂಕಿಯನ್ನು ಓದುವಾಗ ಗೆರೆ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಅಂತ ನೋಡಿ ಊಹಿಸುತ್ತದೆ. ಅಡ್ಡಗೆರೆಗೆ ಕಡ್ಡಿ ಎತ್ತಿ ಮತ್ತೆ ಇಡುತ್ತಾರಲ್ಲ, ಆ ಮಧ್ಯೆ ಜಾಸ್ತಿ ಹೊತ್ತು ತಗೊಂಡರೆ ಮೊದಲ ಗೆರೆಯನ್ನೇ ಪೂರ್ತಿ ಅಂಕಿ ಅಂದುಕೊಳ್ಳಬಹುದು. 7ನ್ನು ಎರಡೇ ಎಳೆತದಲ್ಲಿ, ಕಡ್ಡಿ ಎತ್ತದೆ. 1 ಅಂದರೆ ಬರೀ ಒಂದು ನೇರ ಗೆರೆ, ಮಣೆ ಬೇಡ. ಚೌಕ ಮುಟ್ಟಿದಾಗ ಅದು ದೊಡ್ಡದಾಗಿ ಬರುತ್ತದಲ್ಲ, ಅಲ್ಲಿ ಧಾರಾಳವಾಗಿ ದೊಡ್ಡದಾಗಿ ಬರೆಯಲಿ. ಪೇಪರಿನ ಮನೆಯೊಳಗೆ ಬರೆದು ರೂಢಿ ಇದ್ದವರು ಇಲ್ಲೂ ಚಿಕ್ಕದಾಗಿ ಬರೆಯುತ್ತಾರೆ.

ಒಂಬತ್ತುಮನೆ (ವಿರಾಜಪೇಟೆ)

ಮೆಷಿನ್ ನನಗೆ ಗೊತ್ತಿಲ್ಲ, ಸುಡೊಕು ಗೊತ್ತು. ಎರಡನೇ ಪ್ರಶ್ನೆಗೆ ಬರುತ್ತೇನೆ.

ಛಾಪಿಸಿದ ಒಳ್ಳೆಯ ಲೆಕ್ಕಕ್ಕೆ ಉತ್ತರ ಒಂದೇ ಇರುತ್ತದೆ. ಅದು ಈ ಆಟದ ಮರ್ಯಾದೆ. ಒಂದೇ ಉತ್ತರ ಬರಬೇಕಾದರೆ ಶುರುವಿನಲ್ಲಿ ಕನಿಷ್ಠ 17 ಅಂಕಿ ಕೊಟ್ಟಿರಲೇಬೇಕು, 16 ಸಾಲದು. ಇದನ್ನು 2012ರಲ್ಲಿ ಐರ್ಲೆಂಡಿನ ಗಣಿತದವರು ಕಂಪ್ಯೂಟರಿನಲ್ಲಿ ಹುಡುಕಿಸಿ ಖಚಿತ ಮಾಡಿದರು. ಹಾಗಾಗಿ ಲೆಕ್ಕವೇ ತಪ್ಪು ಅನ್ನೋದು ಅಪರೂಪ. ಅಮ್ಮ ಎಲ್ಲಿ ಸಿಕ್ಕಿಕೊಂಡರು ಅಂತ ಕೇಳಿ ನೋಡಿ. ಎರಡು ಬಗೆ ಇದೆ.

ಒಂದು, ನಿಜವಾಗಿ ಸಿಕ್ಕಿಕೊಂಡಿರೋದು. ಸಾಲು, ಕಂಬಸಾಲು, ಮೂರು-ಮೂರರ ಚೌಕ, ಪ್ರತಿಯೊಂದರಲ್ಲೂ 1ರಿಂದ 9 ಒಂದೊಂದೇ ಸಲ ಬರಬೇಕಲ್ಲ. ಉದಾಹರಣೆಗೆ ಒಂದು ಮೂರು-ಮೂರರ ಚೌಕದಲ್ಲಿ ನಾಲ್ಕು ಮನೆ ಖಾಲಿ, ಬರಬೇಕಾದ್ದು 2, 5, 7, 9. ಅದರಲ್ಲಿ ಎರಡು ಮನೆಗೆ 2 ಅಥವಾ 7 ಬಿಟ್ಟು ಬೇರೆ ಬರೋ ಹಾಗೇ ಇಲ್ಲ. ಯಾವುದು 2 ಯಾವುದು 7 ಅಂತ ಈಗ ಗೊತ್ತಾಗಬೇಕಿಲ್ಲ, ಆ ಜೋಡಿ ಆ ಎರಡು ಮನೆಗೇ ಮೀಸಲು. ಅಂದರೆ ಉಳಿದ ಎರಡು ಮನೆ 5 ಮತ್ತು 9ರದು. ಅದರಲ್ಲೊಂದರ ಕಂಬಸಾಲಿನಲ್ಲಿ ಕೆಳಗೆಲ್ಲೋ 9 ಕೂತಿದೆ ಅಂದುಕೊಳ್ಳಿ. ಅಲ್ಲಿಗೆ 5, ಪಕ್ಕದ್ದಕ್ಕೆ 9, ಮುಗೀತು. ತುಂಬ ಜನ 2-7 ಗೊತ್ತಾಗಲಿಲ್ಲ ಅಂತ ಅಲ್ಲೇ ಕೂತು ಬೇಜಾರು ಮಾಡ್ಕೊಳ್ತಾರೆ, ಪಕ್ಕಕ್ಕೆ ತಿರುಗಿ ನೋಡೋದೇ ಇಲ್ಲ.

ಇನ್ನೊಂದು, ಹಿಂದೆ ಎಲ್ಲೋ ತಪ್ಪು ಅಂಕಿ ಕೂತಿರೋದು. ಆಗ ಹತ್ತು ಹದಿನೈದು ಮನೆ ಚೆನ್ನಾಗಿಯೇ ತುಂಬುತ್ತದೆ, ಆಮೇಲೆ ಇದ್ದಕ್ಕಿದ್ದ ಹಾಗೆ ಒಂದು ಮನೆಗೆ ಯಾವ ಅಂಕಿಯೂ ಹಿಡಿಸಲ್ಲ. "ಎಲ್ಲೂ ಮುಂದಕ್ಕೆ ಹೋಗಲ್ಲ" ಅಂದರಲ್ಲ, ನನಗೆ ಇದೇ ಅನುಮಾನ. ಅಮ್ಮ 7 ಬರೆದು, ಮೆಷಿನ್ 1 ಅಂತ ತಗೊಂಡು, ಅಮ್ಮ ಅದನ್ನು ನೋಡದೆ ಮುಂದೆ ಹೋಗಿರಬಹುದು. ಕನ್ನಡಕ ಹಾಕಿ ಆಡ್ತಾರಾ?

ಗೋಣಿಕೊಪ್ಪದವ

ಈ ಜಪಾನಿನವರು ಎಲ್ಲದರಲ್ಲೂ ಹೀಗೇ, ಆಟವೂ ಅವರದೇ ಮೆಷಿನ್ನೂ ಅವರದೇ.

ಒಂಬತ್ತುಮನೆ

ಮೆಷಿನ್ ಅವರದು, ಆಟ ಪೂರ್ತಿ ಅಲ್ಲ. ಇದನ್ನು ಮಾಡಿದವರು ಹೋವರ್ಡ್ ಗಾರ್ನ್ಸ್ ಅಂತ ಅಮೆರಿಕದ ಒಬ್ಬ ರಿಟೈರ್ಡ್ ಆರ್ಕಿಟೆಕ್ಟ್, 1979ರಲ್ಲಿ ಅಲ್ಲಿನ ಪಜಲ್ ಪತ್ರಿಕೆಯಲ್ಲಿ "ನಂಬರ್ ಪ್ಲೇಸ್" ಅಂತ ಬಂತು. 1984ರಲ್ಲಿ ಜಪಾನಿನ ನಿಕೋಲಿ ಅನ್ನೋ ಪಜಲ್ ಪ್ರಕಾಶಕರು ಅದನ್ನು ತಗೊಂಡು ಉದ್ದದ ಹೆಸರಿಟ್ಟರು, ಅದು ಮೊಟಕಾಗಿ ಸುಡೊಕು ಆಯಿತು. ಆಮೇಲೆ ಹಾಂಗ್‌ಕಾಂಗಿನಲ್ಲಿ ಜಡ್ಜ್ ಆಗಿದ್ದ ವೇಯ್ನ್ ಗೌಲ್ಡ್ ಟೋಕಿಯೊದ ಪುಸ್ತಕದಂಗಡಿಯಲ್ಲಿ ಇದನ್ನು ನೋಡಿ, ಲೆಕ್ಕ ತಯಾರಿಸೋ ಪ್ರೋಗ್ರಾಂ ಬರೆದು, ಲಂಡನ್ನಿನ ಟೈಮ್ಸ್ ಪತ್ರಿಕೆಗೆ ಕೊಟ್ಟರು. ಮೊದಲ ಲೆಕ್ಕ ಬಂದಿದ್ದು 2004ರ ನವೆಂಬರ್ 12ಕ್ಕೆ. ನಮ್ಮ ಪೇಪರುಗಳಿಗೆ ಬಂದಿದ್ದೆಲ್ಲ ಅದಾದಮೇಲೆ.

ಅಂದಹಾಗೆ ಆ ಉದ್ದದ ಹೆಸರಿನ ಅರ್ಥ "ಅಂಕಿ ಮದುವೆಯಾಗದೆ ಒಂಟಿಯಾಗಿಯೇ ಇರಬೇಕು" ಅಂತ.

ಕಡ್ಡಿ_ಕಳ್ಕೊಂಡವ

ನವೆಂಬರ್ 12 ಅಂದ್ರಾ? ಡಿಎಸ್ ಅಮೆರಿಕದಲ್ಲಿ ಅಂಗಡಿಗೆ ಬಂದಿದ್ದು 2004ರ ನವೆಂಬರ್ 21. ಒಂಬತ್ತೇ ದಿನ! ಬ್ರೇನ್ ಏಜ್ ಜಪಾನಿನಲ್ಲಿ 2005ರಲ್ಲಿ ಬಂದಾಗ ಅದರಲ್ಲಿ ಸುಡೊಕು ಇರಲೇ ಇಲ್ಲ, 2006ರಲ್ಲಿ ಅಮೆರಿಕಕ್ಕೆ ಬಂದಾಗ ಸೇರಿಸಿದರು. ಆ ಹೊತ್ತಿಗೆ ಎಲ್ಲ ಕಡೆ ಇದರ ಹುಚ್ಚು ಹಿಡಿದಿತ್ತಲ್ಲ.

ಏಲಕ್ಕಿಮಲೆ (ಸೋಮವಾರಪೇಟೆ)

ಸುಡೊಕು ಬರಲ್ಲ ನನಗೆ. ಆದರೆ ಮೆಷಿನ್ ಎಲ್ಲಿಡ್ತೀರಿ ಅಂತ ಯಾರೂ ಕೇಳಲಿಲ್ಲ ನೋಡಿ. ಈ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಬೆಲ್ಟಿಗೆ ಬೂಷ್ಟು, ಕ್ಯಾಮೆರಾ ಲೆನ್ಸಿಗೆ ಬೂಷ್ಟು, ಮದುವೆ ಆಲ್ಬಮ್ಮಿಗೂ ಬೂಷ್ಟು. ಆ ಪರದೆಯ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರೆ ಕಿತ್ತು ಹಾಕಿ, ಅದರಡಿ ತೇವ ಸೇರಿಕೊಂಡರೆ ಒಂದು ಮೂಲೆ ಯಾವಾಗಲೂ ಒತ್ತಿದ ಹಾಗೇ ಇರುತ್ತದೆ. ಒಲೆ ಮೇಲಿನ ಅಟ್ಟದಲ್ಲಿ ಇಡ್ತೀನಿ ಅನ್ನಬೇಡಿ, ಹೊಗೆಗೆ ಇಟ್ಟ ಪಂದಿ ಮಾಂಸ ಅಲ್ಲ ಅದು. ಅಕ್ಕಿ ಡಬ್ಬಕ್ಕೂ ಬೇಡ, ಹುಡಿ ಒಳಗೆ ಹೋಗುತ್ತೆ. ಗಟ್ಟಿ ಮುಚ್ಚಳದ ಡಬ್ಬ, ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಸಿಗೋ ಸಿಲಿಕಾ ಜೆಲ್ ಪೊಟ್ಟಣ ನಾಲ್ಕೈದು, ಅಷ್ಟು ಸಾಕು. ಕಾರ್ಟ್ರಿಡ್ಜ್ ಹಿಡಿಯಲಿಲ್ಲ ಅಂದರೆ ಬಾಯಿಂದ ಊದಬೇಡಿ, ಎಂಜಲಿನ ತೇವಕ್ಕೆ ಆ ಹಳದಿ ಪಟ್ಟಿ ಹಾಳಾಗುತ್ತೆ. ಹತ್ತಿ ಕಡ್ಡಿಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಮನೆಯಲ್ಲಿರೋ ಇನ್ನೊಂದು ಆಲ್ಕೋಹಾಲ್ ಅಲ್ಲ.

ಮಳೆಪುಸ್ತಕ

ಐದು ದಿನ ಈ ಕಡೆ ಬರಲು ಆಗಲಿಲ್ಲ. ರಸ್ತೆಗೆ ಮರ ಬಿದ್ದು ಕರೆಂಟೂ ಇಲ್ಲ, ಸಿಗ್ನಲ್ಲೂ ಇಲ್ಲ. ಎಲ್ಲರಿಗೂ ಥ್ಯಾಂಕ್ಸ್, ಒಂದೊಂದೇ ಹೇಳುತ್ತೇನೆ.

ಎಡಗೈ ಆರಿಸಿ ಹೊಸ ಹೆಸರು ಮಾಡಿದೆವು. ಗೆರೆ ಹಾರೋದು ನಿಂತೇ ಹೋಯಿತು. ತಿರುಗಿಸಿ ಹಿಡಿದ ತಕ್ಷಣ ಅಮ್ಮ ಸುಮ್ಮನಾದರು, ಆಮೇಲೆ "ಸ್ಕೂಲಲ್ಲಿ ನಂಗೆ ಎಡಗೈಗೆ ಹೊಡೆದು ಹೊಡೆದು ಬಲಗೈ ರೂಢಿ ಮಾಡ್ಸೋಕೆ ನೋಡಿದ್ರು, ಈ ಡಾಕ್ಟ್ರು ಮೊದಲೇ ಕೇಳ್ತಾನಲ್ಲ" ಅಂದರು. ಈಗ ತಲೆ ಡಾಕ್ಟರ ಮೇಲೆ ನಗು ಕಡಿಮೆ, ಗೌರವ ಜಾಸ್ತಿ.

ನಿಂತುಹೋದ ಲೆಕ್ಕವನ್ನು ಕನ್ನಡಕ ಹಾಕಿಸಿ ಮತ್ತೆ ನೋಡಿದೆವು. ಒಂಬತ್ತುಮನೆಯವರೇ, ನಿಮ್ಮ ಬಾಯಿಗೆ ಸಕ್ಕರೆ. ಕೆಳಗಿನಿಂದ ಎರಡನೇ ಸಾಲಿನಲ್ಲಿ 7 ಇರಬೇಕಾದ ಕಡೆ 1 ಕೂತಿತ್ತು. ಅದನ್ನು ತಿದ್ದಿದ ಮೇಲೆ ಆರು ನಿಮಿಷದಲ್ಲಿ ಮುಗಿಸಿದರು. ಆದರೆ 7ರ ಅಡ್ಡಗೆರೆ ಬಿಡಲು ಸುತಾರಾಂ ಒಪ್ಪಲಿಲ್ಲ. ಎರಡು ದಿನ ವಾದ ನಡೆಯಿತು. ಕೊನೆಗೆ ಮೆಷಿನ್ನಿನಲ್ಲಿ ಮಾತ್ರ ಬಿಟ್ಟಿದ್ದಾರೆ, ಮಳೆ ಪುಸ್ತಕದಲ್ಲಿ ಇಲ್ಲ.

ಯುಎಸ್‌ಬಿ ಕೇಬಲ್ ಇನ್ನೂ ಬಂದಿಲ್ಲ, ಪಾರ್ಸೆಲ್ ಮಡಿಕೇರಿಯಲ್ಲಿ ಕೂತಿದೆಯಂತೆ. ದೀಪ ನಿನ್ನೆ ರಾತ್ರಿ ಕೆಂಪಾಯಿತು. ಮುಚ್ಚಿದರೆ ಅದು ಮಲಗುತ್ತೆ, ಪೂರ್ತಿ ಆಫ್ ಆಗಲ್ಲ ಅಂತ ಈಗ ಗೊತ್ತಾಗಿದೆ, ಸ್ವಿಚ್ಚೇ ಆಫ್ ಮಾಡಿ ಸಿಲಿಕಾ ಡಬ್ಬದಲ್ಲಿ ಇಟ್ಟಿದ್ದೇವೆ. ಅಲ್ಲಿವರೆಗೆ ಮತ್ತೆ ಒದ್ದೆ ಪೇಪರ್.

"ಅಂಕಿ ಒಂಟಿಯಾಗಿಯೇ ಇರಬೇಕು" ಅನ್ನೋದನ್ನು ಅಮ್ಮನಿಗೆ ಓದಿ ಹೇಳಬಾರದಿತ್ತು. ನನಗೆ 38, ಇನ್ನೂ ಮದುವೆ ಆಗಿಲ್ಲ. ಮುಂದಿನದು ನೀವೇ ಊಹಿಸಿಕೊಳ್ಳಿ.

ಈಗ ಅಮ್ಮನ ಹೊಸ ಪ್ರಶ್ನೆ: ಇದರಲ್ಲಿ ಎಷ್ಟು ಲೆಕ್ಕ ಇದೆ, ಮುಗಿದರೆ ಏನು ಗತಿ?

ಕಡ್ಡಿ_ಕಳ್ಕೊಂಡವ

ಅದರಲ್ಲಿ ನೂರು ಚಿಲ್ಲರೆ ಇವೆ. ದಿನಕ್ಕೊಂದು ಅಂದರೆ ಕೈಲ್ ಪೊಳ್ದ್ ಹಬ್ಬ ದಾಟಿ ಪುತ್ತರಿ ಹಬ್ಬದ ಹತ್ತಿರದವರೆಗೂ ಸಾಕು. ಆಮೇಲೆ ಬ್ರೇನ್ ಏಜ್ 2 ಇದೆ, ಅದರಲ್ಲೂ ಸುಡೊಕು ಇದೆ. ಸುಡೊಕು ಗ್ರಿಡ್‌ಮಾಸ್ಟರ್ ಅಂತ ಬರೀ ಸುಡೊಕುವಿನದೇ ಒಂದು ಕಾರ್ಟ್ರಿಡ್ಜ್ ಬಂದಿತ್ತು, 400 ಲೆಕ್ಕ. ಡಿಎಸ್ ಲೈಟಿಗೆ ಯಾವ ದೇಶದ ಕಾರ್ಟ್ರಿಡ್ಜ್ ಆದರೂ ನಡೆಯುತ್ತದೆ, ಅಕ್ಕನ ಮಗನಿಗೆ ಅಲ್ಲಿನ ಹಳೇ ಗೇಮ್ ಅಂಗಡಿಯಲ್ಲಿ ನೋಡಲು ಹೇಳಿ. ಚಾರ್ಜರ್ ಮಾತ್ರ ತರೋದು ಬೇಡ.

ಒಂಬತ್ತುಮನೆ

ಅಮ್ಮನಿಗೆ ಹೇಳಿ, ಲೆಕ್ಕ ಮುಗಿಯೋ ಚಿಂತೆ ಬೇಡ ಅಂತ. ಪೂರ್ತಿ ತುಂಬಿದ ಸುಡೊಕು ಒಟ್ಟು ಎಷ್ಟು ಬಗೆಯಲ್ಲಿ ಬರಬಹುದು ಅಂತ 2005ರಲ್ಲೇ ಎಣಿಸಿಟ್ಟಿದ್ದಾರೆ: 6670903752021072936960. ಇದು ಮುಗಿದಮೇಲೆ ಮತ್ತೆ ಬಂದು ಕೇಳಲಿ.

ಮಳೆಪುಸ್ತಕ

ಓದಿ ಹೇಳಿದೆ. "ನಿಧಾನ ಹೇಳು" ಅಂತ ಒಂದೊಂದೇ ಅಂಕಿ ಹೇಳಿಸಿಕೊಂಡು ಮಳೆ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಮೂರು 7 ಇವೆ, ಮೂರಕ್ಕೂ ಅಡ್ಡಗೆರೆ ಹಾಕಿದ್ದಾರೆ.